ಚೌಡಿ ತಿರುವಿನ ಲೆಕ್ಕ

ನಮ್ಮ ಮನೆ ರಸ್ತೆಗಿಂತ ಇಪ್ಪತ್ತು ಅಡಿ ಕೆಳಗಿದೆ. ಮೇಲೆ ರಾಜ್ಯ ಹೆದ್ದಾರಿ, ಅದರಂಚಿಗೆ ಧರೆ, ಅಂದರೆ ಕಡಿದಾದ ಮಣ್ಣಿನ ಗೋಡೆ, ಧರೆಯ ಬುಡದಿಂದಲೇ ನಮ್ಮ ಅಡಿಕೆ ತೋಟ. ತಿರುವಿನಲ್ಲಿ ಹೊರಬದಿಗೆ ಹಾರಿದವರು ನೇರ ನಮ್ಮ ತೋಟಕ್ಕೆ ಬಂದು ಬೀಳುತ್ತಾರೆ. ನಾನು ಮದುವೆಯಾಗಿ ಈ ಮನೆಗೆ ಬಂದ ವರ್ಷ ಒಂದು ಜೀಪು ಬಿತ್ತು. ನನಗೆ ಕೈಕಾಲು ಆಡಲಿಲ್ಲ. ಅತ್ತೆ ಒಲೆ ಮುಂದಿಂದ ಏಳುತ್ತಲೇ "ಬ್ಯಾಟರಿ ತಗ, ನೀರಿನ ಚೊಂಬು ತಗ, ಬಾ" ಅಂದರು. ಅವರಿಗೆ ಅದು ರೂಢಿಯಾಗಿ ಹೋಗಿತ್ತು. ಮುಂದೆ ನನಗೂ ರೂಢಿಯಾಯಿತು. ಈಗ ನೆನೆದರೆ, ನಾವು ಮಾಡಿದ ದೊಡ್ಡ ತಪ್ಪು ಆ ರೂಢಿಯೇ ಅನಿಸುತ್ತದೆ.

ಊರಲ್ಲಿ ಅದಕ್ಕೆ ಚೌಡಿ ತಿರುವು ಅಂತಲೇ ಹೆಸರು. ಒಳಬದಿಯ ಕಾನಿನಲ್ಲಿ, ಎರಡು ಮತ್ತಿ ಮರಗಳ ಬುಡದಲ್ಲಿ ಚೌಡಿಯ ಕಲ್ಲಿದೆ. ಹೊಸ ಗಾಡಿ ತಂದವರು ಅಲ್ಲಿ ಕಾಯಿ ಒಡೆಸಿಕೊಂಡೇ ಮುಂದೆ ಹೋಗುವುದು. ಯಾರಾದರೂ ಬಿದ್ದರೆ "ಈ ವರ್ಷ ಹರಕೆ ತಪ್ಪಿತ್ತು" ಅನ್ನುವವರಿದ್ದರು. ನಾನೂ ಕಾಯಿ ಒಡೆದವಳೇ, ಈಗಲೂ ಒಡೆಯುತ್ತೇನೆ. ಆದರೆ 2021ರ ಜುಲೈ ತಿಂಗಳ ಆ ಸಂಜೆಯ ನಂತರ ಬಿದ್ದವರ ಲೆಕ್ಕವನ್ನು ಚೌಡಿಯ ಮೇಲೆ ಹಾಕುವುದು ನನ್ನಿಂದಾಗಲಿಲ್ಲ.

ಆ ಸಂಜೆ ಬಿದ್ದವನು ನಮ್ಮ ಕೊನೆಗೌಡರ, ಅಂದರೆ ಮರ ಹತ್ತಿ ಅಡಿಕೆ ಕೊನೆ ಇಳಿಸುವವರ, ಮಗ. ಇಪ್ಪತ್ತೊಂದು ವರ್ಷ. ಚಿಕ್ಕಂದಿನಲ್ಲಿ ಅಪ್ಪ ಮರ ಹತ್ತಿದಾಗ ಕೆಳಗೆ ನಿಂತು ಉದುರಡಿಕೆ ಹೆಕ್ಕುತ್ತಿದ್ದ ಹುಡುಗ, ನಮ್ಮ ಜಗಲಿಯಲ್ಲಿ ಊಟ ಮಾಡಿ ಬೆಳೆದವನು. ಪೇಟೆಯಿಂದ ಬರುತ್ತಿದ್ದ. ಮಳೆ ಜೋರಿರಲಿಲ್ಲ, ಜಿರಿಜಿರಿ ಹನಿಯುತ್ತಿತ್ತು. ಬೈಕು ಧರೆ ಹಾರಿ ಎರಡು ಅಡಿಕೆ ಮರ ಮುರಿದು ಬಿದ್ದಿತ್ತು. ತೋಟದಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ, 108ಕ್ಕೆ ಫೋನು ಮಾಡಲು ನಮ್ಮನೆಯವರು ರಸ್ತೆಗೆ ಓಡಿದರು. ಅಲ್ಲಿ ಎರಡು ಕಾರು ನಿಧಾನ ಮಾಡಿ, ನೋಡಿ, ಹೋದವಂತೆ. ಆಂಬುಲೆನ್ಸ್ ಪೇಟೆಯಿಂದ ಬರಲು ನಲವತ್ತು ನಿಮಿಷ ಬೇಕು. ಅವನ ತಲೆ ನನ್ನ ತೊಡೆಯ ಮೇಲಿತ್ತು. ಆಂಬುಲೆನ್ಸಿನ ಬೆಳಕು ತಿರುವಿಗೆ ಬರುವ ಮೊದಲೇ ಉಸಿರು ನಿಂತಿತ್ತು.

ಆ ವರ್ಷ ದೇಶದ ರಸ್ತೆಗಳಲ್ಲಿ 1,53,972 ಜನ ಸತ್ತರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅದರಲ್ಲಿ ಒಂದು ನಮ್ಮ ಹುಡುಗನದು. ವರದಿಯಲ್ಲಿ ಆ ಸಂಖ್ಯೆ ನೋಡಿದಾಗ ಕೊನೆಯ ಎರಡನ್ನು ಬಹಳ ಹೊತ್ತು ನೋಡುತ್ತ ಕೂತೆ.

ಹದಿಮೂರನೆಯ ದಿನ ಕಳೆದ ಮೇಲೆ, ಯಾಕೆ ಅಂತ ಸರಿಯಾಗಿ ಗೊತ್ತಿಲ್ಲದೆಯೇ, ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಲು ಶುರು ಮಾಡಿದೆ. ಹಾಲಿನ ಲೆಕ್ಕ, ಆಳಿನ ಲೆಕ್ಕ ಬರೆಯುವ ಜಾಗದಲ್ಲೇ. ಮೊದಲು ಬರೀ "ಬೈಕು ಬಿತ್ತು" ಅಂತಿತ್ತು. ಆಮೇಲೆ ಗಂಟೆ ಬರೆದೆ. ಮತ್ತೆ ಯಾವ ಕಡೆಯಿಂದ ಬಂದದ್ದು, ಮಳೆ ಇತ್ತೋ ಇಲ್ಲವೋ, ಪೆಟ್ಟೆಷ್ಟು ಅನ್ನುವುದನ್ನೂ ಸೇರಿಸಿದೆ. ಹದಿನಾಲ್ಕು ತಿಂಗಳಲ್ಲಿ ಹದಿನೇಳು ಬಿದ್ದವು. ಎಲ್ಲ ಸೇರಿಸಿ ಒಂದು ಹಾಳೆಗೆ ಇಳಿಸಿದ ದಿನ ಮೈ ಜುಮ್ಮೆಂದಿತು. ಹದಿನೇಳರಲ್ಲಿ ಹದಿಮೂರು ಪೇಟೆ ಕಡೆಯಿಂದ ಇಳಿದು ಬಂದವು. ಹನ್ನೊಂದು ಸಂಜೆ ಆರರಿಂದ ಎಂಟರೊಳಗೆ. ಧೋ ಅಂತ ಸುರಿಯುವ ಆಷಾಢದ ಮಳೆಯಲ್ಲಿ ಬಿದ್ದದ್ದು ಒಂದೇ. ಉಳಿದದ್ದೆಲ್ಲ ಮೊದಲ ಮಳೆಗೆ, ಸಣ್ಣ ಹನಿಗೆ ಅಥವಾ ದೀಪಾವಳಿ ಆಚೀಚೆಗೆ. ದೊಡ್ಡ ಮಳೆಯಲ್ಲಿ ಎಲ್ಲರೂ ಹೆದರಿ ನಿಧಾನಕ್ಕೆ ಬರುತ್ತಾರೆ. ಹನಿ ಮಳೆ ಧೂಳು, ಎಣ್ಣೆಯನ್ನೆಲ್ಲ ಕಲಸಿ ರಸ್ತೆಗೆ ಲೋಳೆ ಬಳಿದಂತೆ ಮಾಡುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ.

ಚೌಡಿಗೆ ಕೋಪವಿದ್ದರೆ ಒಂದೇ ದಿಕ್ಕಿನಿಂದ ಬರುವವರ ಮೇಲೆ ಯಾಕಿರಬೇಕು?

ಉತ್ತರ ಪೇಟೆ ಕಡೆಯ ರಸ್ತೆಯಲ್ಲೇ ಇತ್ತು. ಕೆಲವು ವರ್ಷದ ಹಿಂದೆ ಹೆದ್ದಾರಿಗೆ ಹೊಸ ಡಾಂಬರು ಬಿತ್ತು. ಗುಂಡಿ ಹೋದವು, ಎರಡು ಸಣ್ಣ ಡೊಂಕು ನೇರ ಮಾಡಿದರು. ನಾವೆಲ್ಲ ಖುಷಿಪಟ್ಟೆವು. ಹಿಂದೆ ಆ ಗುಂಡಿಗಳಲ್ಲಿ ಮೂವತ್ತರ ಮೇಲೆ ಯಾರೂ ಬರುತ್ತಿರಲಿಲ್ಲ. ಈಗ ಒಂದು ಕಿಲೋಮೀಟರ್ ನೇರ ಇಳಿಜಾರು, ಗಾಡಿ ತಾನಾಗಿಯೇ ಅರವತ್ತು ದಾಟುತ್ತದೆ. ಅದರ ಕೊನೆಗೆ ನಮ್ಮ ತಿರುವು, ಅಜ್ಜನ ಕಾಲದಲ್ಲಿ ಎತ್ತಿನ ಗಾಡಿಗೆ ಕಡಿದಷ್ಟೇ ಡೊಂಕು. ಅಂದರೆ ರಸ್ತೆ ಒಳ್ಳೆಯದಾದ ಮೇಲೆ ಬೀಳುವವರು ಹೆಚ್ಚಾಗಿದ್ದರು.

ಮೊದಲ ಅರ್ಜಿಯನ್ನು ರಸ್ತೆಯ ಇಲಾಖೆಗೆ ಕೊಟ್ಟೆ. ಮೂರು ತಿಂಗಳ ಮೇಲೆ ಎರಡು ಸಾಲಿನ ಉತ್ತರ ಬಂತು: ಈ ಸ್ಥಳ ಬ್ಲಾಕ್ ಸ್ಪಾಟ್ ಪಟ್ಟಿಯಲ್ಲಿಲ್ಲ, ಅನುದಾನ ಲಭ್ಯವಾದಾಗ ಪರಿಶೀಲಿಸಲಾಗುವುದು. ಬ್ಲಾಕ್ ಸ್ಪಾಟ್ ಅಂದರೇನೆಂದು ಆಗಲೇ ತಿಳಿದುಕೊಂಡದ್ದು. ಸುಮಾರು 500 ಮೀಟರ್ ಉದ್ದದ ರಸ್ತೆಯಲ್ಲಿ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯವಾದ ಐದು ಅಪಘಾತ ಆಗಿರಬೇಕು, ಇಲ್ಲವೇ ಹತ್ತು ಜನ ಸತ್ತಿರಬೇಕು. ಕೇಂದ್ರ ಸಚಿವಾಲಯ ರಾಷ್ಟ್ರೀಯ ಹೆದ್ದಾರಿಗಳಿಗೆ ಇಟ್ಟ ಅಳತೆ ಅದು, ನಮ್ಮ ರಸ್ತೆಯನ್ನೂ ಅದೇ ಅಳತೆಯಲ್ಲಿ ತೂಗಿದ್ದರು.

ಹಾಗಾದರೆ ಪೊಲೀಸ್ ದಾಖಲೆಯಲ್ಲಿ ಎಷ್ಟಿದೆ? ಮಾಹಿತಿ ಹಕ್ಕಿನಲ್ಲಿ ಕೇಳಿದೆ. ಮೊದಲ ಅರ್ಜಿ ವಾಪಸ್ಸು ಬಂತು. ನಾನು ನಾಲ್ಕು ಪುಟ ಬರೆದಿದ್ದೆ, ಹುಡುಗನ ಸಾವಿನ ವಿವರವೆಲ್ಲ ತುಂಬಿದ್ದೆ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಮತ್ತೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, ಇಂಥ ಕಿಲೋಮೀಟರ್ ಕಲ್ಲಿನಿಂದ ಇಂಥ ಕಲ್ಲಿನವರೆಗೆ ಮೂರು ವರ್ಷದಲ್ಲಿ ದಾಖಲಾದ ಅಪಘಾತ ಪ್ರಕರಣ ಎಷ್ಟು ಎಂದು ಮೂರೇ ಸಾಲು ಬರೆದೆ. ಮೂವತ್ತು ದಿನದೊಳಗೆ ಉತ್ತರ ಬಂತು. ಸಾವು, ತೀವ್ರ ಗಾಯದ ಪ್ರಕರಣ ನಾಲ್ಕು.

ಐದು ಬೇಕಿತ್ತು, ನಾಲ್ಕಿತ್ತು. ಆ ಕಾಗದ ಹಿಡಿದು ಕಟ್ಟೆಯ ಮೇಲೆ ಕೂತು ಅತ್ತಿದ್ದೇನೆ. ನನ್ನ ಕ್ಯಾಲೆಂಡರಿನ ಹದಿನಾಲ್ಕು ತಿಂಗಳಲ್ಲೇ ಕೈಕಾಲು ಮುರಿದವರು ಆರು ಜನ ಇದ್ದರು. ಅವರೆಲ್ಲ ಎಲ್ಲಿ ಹೋದರು ಅಂದರೆ, ಸುಮ್ಮನೆ ಮನೆಗೆ ಹೋದರು. ಒಬ್ಬನಿಗೆ ಲೈಸೆನ್ಸ್ ಇರಲಿಲ್ಲ. ಇನ್ನೊಬ್ಬರ ಗಾಡಿಯ ಇನ್ಶೂರೆನ್ಸ್ ಮುಗಿದಿತ್ತು. ಮತ್ತೊಬ್ಬರು "ಮೆಟ್ಟಿಲಿಂದ ಜಾರಿ ಬಿದ್ದೆ" ಅಂತ ಆಸ್ಪತ್ರೆಯಲ್ಲಿ ಹೇಳಿದರು. ಎರಡು ಗಾಡಿ ತಾಗಿದಲ್ಲಿ ರಸ್ತೆಯ ಮೇಲೇ ರಾಜಿ ಆಯಿತು, ರಾಜಿಗೆ ನಮ್ಮನೆಯವರೇ ಪಂಚರು. ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಬಾರದೆಂಬ ನಮ್ಮ ಹಳ್ಳಿಯ ಮರ್ಯಾದೆ ಆ ತಿರುವನ್ನು ಕಾಗದದ ಮೇಲೆ ಒಳ್ಳೆಯ ತಿರುವು ಮಾಡಿಟ್ಟಿತ್ತು.

ಅಂದು ನಿಲ್ಲಿಸದೆ ಹೋದ ಕಾರಿನವರನ್ನು ಬಹಳ ದಿನ ಶಪಿಸಿದ್ದೆ. ಅವರ ಹೆದರಿಕೆಯೂ ನಮ್ಮ ಹೆದರಿಕೆಯೂ ಒಂದೇ ಅಂತ ಆಮೇಲೆ ಅರ್ಥವಾಯಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಹೆಸರು, ವಿಳಾಸ ಕೊಡಲೇಬೇಕೆಂದಿಲ್ಲ, ಸಾಕ್ಷಿಯಾಗಬೇಕೆಂಬ ಒತ್ತಾಯವೂ ಇಲ್ಲ. ಸುಪ್ರೀಂ ಕೋರ್ಟು 2016ರಲ್ಲೇ ಆ ರಕ್ಷಣೆಯನ್ನು ಎತ್ತಿಹಿಡಿದಿದೆ, ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 134ಎ ಎಂಬ ಕಲಮೂ ಸೇರಿತು. ಇದನ್ನು ದೊಡ್ಡಕ್ಷರದಲ್ಲಿ ಬರೆದು ಹಾಲಿನ ಡೈರಿಯ ಗೋಡೆಗೆ ಅಂಟಿಸಿದೆ. ಓದಿದವರೆಲ್ಲ "ಹೌದಾ?" ಅಂತಲೇ ಕೇಳಿದ್ದು.

ಆ ನಡುವೆ ಊರಿನ ಹುಡುಗರಿಗೆ ತಾಳ್ಮೆ ತಪ್ಪಿತು. ಒಂದು ರಾತ್ರಿ ಜಲ್ಲಿ, ಮಣ್ಣು, ಸಿಮೆಂಟು ಕಲಸಿ ತಿರುವಿಗೆ ಸ್ವಲ್ಪ ಮೊದಲು ತಾವೇ ಹಂಪ್ ಹಾಕಿದರು. ನಾನು ತಡೆಯಲಿಲ್ಲ. ನಿಜ ಹೇಳಬೇಕೆಂದರೆ ರಾತ್ರಿ ಅವರಿಗೆ ಚಹಾ ಕೊಟ್ಟವಳು ನಾನೇ. ಮರುದಿನ ಬೆಳಗಿನ ಜಾವ ಡೈರಿಗೆ ಹಾಲು ತರುತ್ತಿದ್ದವರು, ನಿತ್ಯ ಆ ದಾರಿಯಲ್ಲಿ ಬರುವವರು, ಹಂಪ್ ಇರುವುದು ಗೊತ್ತಿಲ್ಲದೆ ಕ್ಯಾನಿನ ಸಮೇತ ಎಗರಿ ಬಿದ್ದರು. ಭುಜದ ಮೂಳೆ ಮುರಿಯಿತು. ಆಸ್ಪತ್ರೆಗೆ ಹೋಗಿ ಅವರ ಹೆಂಡತಿಯ ಮುಂದೆ ಕೈ ಮುಗಿದೆ. "ನೀವು ಒಳ್ಳೇದಕ್ಕೇ ಮಾಡಿದ್ದು ಬಿಡಿ ಅಕ್ಕ" ಅಂದರು ಆಕೆ. ಆ ಮಾತು ಇನ್ನೂ ಚುಚ್ಚುತ್ತದೆ. ಮುನ್ಸೂಚನೆಯ ಫಲಕವಿಲ್ಲದೆ, ಬಣ್ಣದ ಪಟ್ಟೆಯಿಲ್ಲದೆ, ಇಳಿಜಾರಿನಲ್ಲಿ ಹಂಪ್ ಹಾಕುವುದು ಒಂದು ಅಪಾಯದ ಮೇಲೆ ಇನ್ನೊಂದನ್ನು ಪೇರಿಸಿದಂತೆ. ಅದೇ ದಿನ ಹಾರೆ ಹಿಡಿದು ಒಡೆದು ತೆಗೆದೆವು.

ಆಮೇಲೆ ನಾವು ಮಾಡಿದ್ದು ಅಳತೆ. ಮೈದುನನ ಮಗ ಆಗ ಡಿಪ್ಲೊಮಾದಲ್ಲಿ ಸಿವಿಲ್ ಓದುತ್ತಿದ್ದ. ಒಂದು ಭಾನುವಾರ ಬೆಳಗ್ಗೆ ಗಾರೆ ಮೇಸ್ತ್ರಿಯವರ ಮಟ್ಟದ ಪೈಪು, ಇಪ್ಪತ್ತು ಮೀಟರ್ ಹಗ್ಗ, ಟೇಪು ತಗೊಂಡು ಹೋದೆವು. ಎರಡು ಕಡೆ ಕೆಂಪು ಟವೆಲ್ ಹಿಡಿದು ಹುಡುಗರು ನಿಂತರು. ತಿರುವಿನ ಹೊರ ಅಂಚಿನ ಮೇಲೆ ಎರಡು ಬಿಂದು ಗುರುತಿಸಿ ಹಗ್ಗ ಬಿಗಿದರೆ, ಹಗ್ಗದ ನಡುವಿನಿಂದ ಅಂಚಿಗೆ ಸರಿಯಾಗಿ ಒಂದು ಮೀಟರ್ ಬಂತು. ಹುಡುಗ ನೆಲದ ಮೇಲೆ ಕಡ್ಡಿಯಲ್ಲಿ ಲೆಕ್ಕ ಮಾಡಿ "ದೊಡ್ಡಮ್ಮ, ಈ ತಿರುವಿನ ತ್ರಿಜ್ಯ ಐವತ್ತು ಮೀಟರ್" ಅಂದ.

ನನಗೆ ಅದರಿಂದೇನೂ ತಿಳಿಯಲಿಲ್ಲ. ಮೇಸ್ತ್ರಿಯವರು ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡಿದಾಗ ತಿಳಿಯಿತು. ತಿರುವಿನಲ್ಲಿ ಗಾಡಿಯನ್ನು ಹೊರಕ್ಕೆ ಎಳೆಯುವ ಒಂದು ಸೆಳೆತವಿರುತ್ತದೆ, ವೇಗ ಎರಡು ಪಟ್ಟಾದರೆ ಅದು ನಾಲ್ಕು ಪಟ್ಟಾಗುತ್ತದೆ. ಅದನ್ನು ತಡೆಯಲು ರಸ್ತೆಯ ಹೊರಬದಿ ಎತ್ತರ, ಒಳಬದಿ ತಗ್ಗು ಇರಬೇಕು. ಇಂಜಿನಿಯರುಗಳು ಸೂಪರ್‌ಎಲಿವೇಶನ್ ಅನ್ನುವುದು ಇದಕ್ಕೇ. ಸಾಮಾನ್ಯ ರಸ್ತೆಗೆ ನೂರಕ್ಕೆ ಏಳರಷ್ಟು ವಾಲಿಕೆ ಕೊಡಬಹುದು. ನಮ್ಮದು ಐದೂವರೆ ಮೀಟರ್ ಅಗಲದ ಡಾಂಬರು, ಆ ಲೆಕ್ಕದಲ್ಲಿ ಹೊರ ಅಂಚು ಒಳ ಅಂಚಿಗಿಂತ 38 ಸೆಂಟಿಮೀಟರ್ ಎತ್ತರ ಇರಬೇಕಿತ್ತು. ಪೈಪಿನ ನೀರು ತೋರಿಸಿದ್ದೇ ಬೇರೆ. ಡಾಂಬರಿನ ಮೇಲೆ ಡಾಂಬರು ಹಾಕುತ್ತ, ನೇರ ರಸ್ತೆಗೆ ಮಾಡುವಂತೆ ನಡುವೆ ಉಬ್ಬು ಬಿಟ್ಟು ಎರಡೂ ಬದಿಗೆ ಇಳಿಜಾರು ಮಾಡಿಬಿಟ್ಟಿದ್ದರು. ಹೊರ ಅಂಚು ರಸ್ತೆಯ ನಡುವಿಗಿಂತ ಏಳು ಸೆಂಟಿಮೀಟರ್ ತಗ್ಗಿತ್ತು. ರಸ್ತೆಯೇ ಗಾಡಿಯನ್ನು ನಮ್ಮ ತೋಟದ ಕಡೆ ಓಲಿಸುತ್ತಿತ್ತು. ವಾಲಿಕೆ ಪೂರ್ತಿ ಇದ್ದಿದ್ದರೂ ಆ ತಿರುವು ತಾಳುವುದು ಗಂಟೆಗೆ 37 ಕಿಲೋಮೀಟರ್. ಇದ್ದ ಸ್ಥಿತಿಯಲ್ಲಿ 28. ಅರವತ್ತರಲ್ಲಿ ಬಂದವರು ಬ್ರೇಕ್ ಹಿಡಿಯುತ್ತಾರೆ, ಹನಿ ಬಿದ್ದ ಡಾಂಬರಿನ ಮೇಲೆ.

ಮೇಸ್ತ್ರಿಯವರು ಪೈಪು ಸುತ್ತಿ ಹೆಗಲಿಗೆ ಹಾಕಿಕೊಂಡು, "ನಾವು ಬಚ್ಚಲು ಮನೆ ನೆಲವನ್ನೂ ಇಷ್ಟು ತಪ್ಪು ಇಳಿಜಾರು ಮಾಡಲ್ಲಮ್ಮ" ಅಂದರು. ಅವರ ಕಣ್ಣಲ್ಲಿ ನೀರಿತ್ತು. ಕೊನೆಗೌಡರು ಅವರಿಗೆ ನೆಂಟರು.

ಆ ಅಳತೆ, ಕ್ಯಾಲೆಂಡರಿನ ಹಾಳೆ, ಮಾಹಿತಿ ಹಕ್ಕಿನ ಉತ್ತರ, ಮುರಿದ ಅಡಿಕೆ ಮರಗಳ ಫೋಟೊ ಇಷ್ಟನ್ನೂ ಸೇರಿಸಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಮನವಿ ಬರೆದೆವು. ಜಿಲ್ಲಾಧಿಕಾರಿ ಅಧ್ಯಕ್ಷರು, ಪೊಲೀಸ್, ಸಾರಿಗೆ, ರಸ್ತೆ, ಆರೋಗ್ಯ ಹೀಗೆ ಎಲ್ಲ ಇಲಾಖೆಯವರೂ ಒಂದೇ ಮೇಜಿನ ಸುತ್ತ ಕೂರುವ ಸಮಿತಿ ಅದು. ಇಂಥದ್ದೊಂದು ಇದೆ ಎಂದು ನಮಗೆ ಮೊದಲು ಗೊತ್ತೇ ಇರಲಿಲ್ಲ. ವಕೀಲರೊಬ್ಬರು ಮೋಟಾರು ವಾಹನ ಕಾಯ್ದೆಯ 198ಎ ಕಲಮನ್ನೂ ಮನವಿಗೆ ಸೇರಿಸಿ ಅಂದರು. ರಸ್ತೆಯ ವಿನ್ಯಾಸ, ನಿರ್ವಹಣೆಯಲ್ಲಿ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಅನ್ನುತ್ತದೆ ಅದು. ನಾನು ಸೇರಿಸಲಿಲ್ಲ. ಮೊದಲ ಭೇಟಿಯಲ್ಲೇ ದಂಡದ ಮಾತೆತ್ತಿದರೆ ಎದುರಿಗಿರುವವರು ತಮ್ಮನ್ನು ಕಾಪಾಡಿಕೊಳ್ಳಲು ನೋಡುತ್ತಾರೆಯೇ ಹೊರತು ತಿರುವನ್ನಲ್ಲ ಅನಿಸಿತು. ಅದು ಸರಿಯೋ ತಪ್ಪೋ, ನಮ್ಮ ಮಟ್ಟಿಗೆ ಕೆಲಸ ಮಾಡಿತು.

ಎರಡನೆಯ ಸಭೆಯ ನಂತರ ಸ್ಥಳ ಪರಿಶೀಲನೆಗೆ ಬಂದ ಇಂಜಿನಿಯರು ಹೊಸದಾಗಿ ವರ್ಗವಾಗಿ ಬಂದವರು, ಚಿಕ್ಕ ವಯಸ್ಸಿನವರು. ಹಾಳೆಯನ್ನು ನಿಂತಲ್ಲೇ ಎರಡು ಸಲ ಓದಿದರು. "ಅಮ್ಮ, ಯಾವ ಕಡೆಯಿಂದ ಬಂದಿದ್ದು, ಎಷ್ಟು ಗಂಟೆಗೆ ಅನ್ನೋದು ನಮ್ಮ ಹತ್ರಾನೂ ಇಲ್ಲ. ಇದೊಂದು ಪ್ರತಿ ನಂಗೆ ಕೊಡಿ" ಅಂದರು. ಸಂಜೆ ಆರೂವರೆಗೆ ಮತ್ತೆ ಬಂದರು, ಯಾಕೆ ಆ ಹೊತ್ತಿಗೇ ಬೀಳುತ್ತಾರೆಂದು ನೋಡಲು. ಇಳಿದು ಬರುವವರ ಕಣ್ಣಿಗೆ ನೇರ ಎದುರು ಮುಳುಗುವ ಸೂರ್ಯ, ಅದರ ಬೆನ್ನಿಗೇ ಮತ್ತಿ ಮರಗಳ ಕತ್ತಲು. ಬೆಳಕಿನಿಂದ ಕತ್ತಲಿಗೆ ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ತಿರುವು ಬಂದಿರುತ್ತದೆ. ನಾನು ಕ್ಯಾಲೆಂಡರಿನಲ್ಲಿ ಗಂಟೆ ಬರೆದಿದ್ದೆನೇ ಹೊರತು ಇದು ಹೊಳೆದಿರಲಿಲ್ಲ.

ಮರ ಕಡಿಯುವ ಮಾತು ಬಂತು. ಚೌಡಿಯ ಮರ, ಊರು ಒಪ್ಪುವ ಹಾಗಿರಲಿಲ್ಲ, ಅರಣ್ಯ ಇಲಾಖೆಯ ಅನುಮತಿಯೂ ಬೇಕು. ನಿಂತು ನೋಡಿದರೆ ದೃಷ್ಟಿಗೆ ಅಡ್ಡವಾಗಿದ್ದದ್ದು ಕಾಂಡವಲ್ಲ, ಕೆಳಗೆ ಹಬ್ಬಿದ ಲಂಟಾನ ಪೊದೆ ಮತ್ತು ಒಳಬದಿಯ ಧರೆಯ ಮೂಲೆ. ಪೊದೆ ಸವರಿದೆವು, ಮರ ಉಳಿಯಿತು. ಧರೆಯ ಮೂಲೆ ಮಾತ್ರ ನಮ್ಮ ಭಾವನ ಸೊಪ್ಪಿನ ಬೆಟ್ಟಕ್ಕೆ ಸೇರಿದ್ದು. ಅಲ್ಲಿ ಮೂರಡಿ ಕಡಿದರೆ ರಸ್ತೆಯೂ ಅಗಲವಾಗುತ್ತದೆ, ಎದುರು ಬರುವವರೂ ಕಾಣುತ್ತಾರೆ. "ಇಂದು ಮೂರಡಿ, ನಾಳೆ ಮೂವತ್ತಡಿ ಕೇಳ್ತಾರೆ" ಅಂತ ಭಾವ ಎರಡು ತಿಂಗಳು ಮಾತು ಬಿಟ್ಟರು. ಅವರ ಮನ ಒಲಿಸಿದ್ದು ನಾನಲ್ಲ. ಒಂದು ಬೆಳಗ್ಗೆ ಕೊನೆಗೌಡರೇ ಅವರ ಅಂಗಳಕ್ಕೆ ಹೋಗಿ ನಿಂತರಂತೆ. ಏನೂ ಕೇಳಲಿಲ್ಲವಂತೆ. "ಈ ವರ್ಷ ಕೊನೆ ಯಾವಾಗ ತೆಗೀಲಿ ಅಯ್ಯಾ" ಅಂದಷ್ಟೇ. ಸಂಜೆ ಭಾವ ಬಂದು ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದರು.

ಕೆಲಸ ಆದದ್ದು 2024ರ ಏಪ್ರಿಲ್‌, ಮೇ ತಿಂಗಳಲ್ಲಿ. ಹಳೇ ಡಾಂಬರು ಅಗೆದು ಹೊರಬದಿಯನ್ನು ಏರಿಸಿ ಹೊಸದಾಗಿ ಕಟ್ಟಿದರು. ನೇರ ರಸ್ತೆಯಿಂದಲೇ ವಾಲಿಕೆ ಸ್ವಲ್ಪಸ್ವಲ್ಪವಾಗಿ ಏರುತ್ತ ಬರಬೇಕು, ಒಮ್ಮೆಲೇ ಏರಿಸಿದರೆ ಗಾಡಿ ಕುಲುಕುತ್ತದೆ, ಅದನ್ನೂ ನೋಡಿಕೊಂಡರು. ಒಳಬದಿಯ ಚರಂಡಿ ಆಳ ಮಾಡಿದರು, ಈಗ ನೀರೆಲ್ಲ ಆ ಕಡೆಗೇ ಬರುತ್ತದಲ್ಲ. ಹಳದಿ ಹಲಗೆಯ ಮೇಲೆ ಕಪ್ಪು ಬಾಣವಿರುವ ಶೆವ್ರಾನ್ ಫಲಕಗಳನ್ನು ಹೊರಬದಿಗೆ ಸಾಲಾಗಿ ನಿಲ್ಲಿಸಿದರು. ಎಲ್ಲಿಂದ ನೋಡಿದರೂ ಎರಡು ಮೂರಾದರೂ ಒಟ್ಟಿಗೆ ಕಾಣಬೇಕು, ಆಗಲೇ ಡೊಂಕು ಎಷ್ಟು ಬಿಗಿ ಎಂದು ಕಣ್ಣಿಗೆ ಅಂದಾಜಾಗುವುದು. ಕೊನೆಗೆ ತಗಡಿನ ತಡೆಬೇಲಿ. ಅದರ ತುದಿಯನ್ನು ಮೊದಲು ಹಾಗೇ ಚೂಪಾಗಿ ರಸ್ತೆಗೆ ಮುಖ ಮಾಡಿ ಬಿಟ್ಟಿದ್ದರು. ಮೈದುನನ ಮಗ ನೋಡಿ, ಇದು ಕಾರಿನೊಳಗೆ ಕತ್ತಿಯ ಹಾಗೆ ನುಗ್ಗುತ್ತದೆ ಅಂತ ಗಲಾಟೆ ಮಾಡಿದ. ತುದಿಯನ್ನು ಹೊರಕ್ಕೆ ಬಾಗಿಸಿ ಮಣ್ಣಿನಲ್ಲಿ ಹೂತರು. ಇಂಥ ಬೇಲಿ ಕಂಡಲ್ಲೆಲ್ಲ ನಾನೀಗ ಮೊದಲು ನೋಡುವುದು ತುದಿಯನ್ನೇ.

ಇನ್ನೊಂದು ಕೆಲಸ ನಮ್ಮ ಪಾಲಿನದಾಗಿತ್ತು, ಅದಕ್ಕೆ ಯಾವ ಇಲಾಖೆಯೂ ಬೇಡ. ಕ್ಯಾಲೆಂಡರಿನಲ್ಲಿ ದೀಪಾವಳಿ ಆಚೀಚೆ ಬಿದ್ದವರೆಲ್ಲ ಬಿದ್ದದ್ದು ಅಡಿಕೆ ಸಿಪ್ಪೆಯ ಮೇಲೆ. ಕೊಯ್ಲಿನ ಕಾಲದಲ್ಲಿ ಸುಲಿದ ಹಸಿ ಸಿಪ್ಪೆಯನ್ನು ರಾತ್ರಿ ರಸ್ತೆಬದಿಗೆ ಸುರಿದು ಬರುವುದು ನಮ್ಮ ಕಡೆ ಮಾಮೂಲು. ಗಾಡಿ ಚಕ್ರಕ್ಕೆ ಹತ್ತಿ ಅದು ರಸ್ತೆಯೆಲ್ಲ ಹರಡುತ್ತದೆ, ಒಂದು ಹನಿ ಬಿದ್ದರೆ ಸಾಬೂನು. ನಾವೂ ಸುರಿದಿದ್ದೇವೆ, ಮೂರು ವರ್ಷ ಹಿಂದಿನವರೆಗೂ. ಆ ಸಿಪ್ಪೆಯಲ್ಲಿ ಜಾರಿ ಕಾಲು ಮುರಿದ ಹೆಣ್ಣುಮಗಳನ್ನು ನಮ್ಮದೇ ಜಗಲಿಯಲ್ಲಿ ಮಲಗಿಸಿದ್ದೆ, ಅದು ಯಾರ ಸಿಪ್ಪೆಯೆಂದು ಅಂದು ನಾನು ಕೇಳಿಕೊಳ್ಳಲಿಲ್ಲ. ಈಗ ಗುಂಡಿ ತೆಗೆದು ಸಗಣಿ ನೀರು ಹಾಕಿ ಕೊಳೆಸಿ ತೋಟಕ್ಕೇ ಹಾಕುತ್ತೇವೆ. ಊರಿನ ಒಂಬತ್ತು ಮನೆಯವರು ಸುರಿಯುವುದು ನಿಲ್ಲಿಸಿದ್ದಾರೆ. ಎರಡು ಮನೆಯವರು ಇನ್ನೂ ಸುರಿಯುತ್ತಾರೆ, ನಾನು ಬೆಳಗ್ಗೆ ಪೊರಕೆ ತಗೊಂಡು ಹೋಗಿ ಗುಡಿಸುತ್ತೇನೆ.

ಆ ಮಳೆಗಾಲದಲ್ಲಿ ಒಂದು ಬೈಕು ರಸ್ತೆಯ ಮೇಲೇ ಜಾರಿತು, ಮೊಣಕೈ ತರಚಿತು. ಮರುವರ್ಷ ಸಂಜೆ ಏಳಕ್ಕೆ ಒಂದು ಲಾರಿ ಬೇಲಿಗೆ ಉಜ್ಜಿ ಇಪ್ಪತ್ತಡಿ ಎಳೆದುಕೊಂಡು ಹೋಗಿ ನಿಂತಿತು. ಸದ್ದು ಕೇಳಿ ಬ್ಯಾಟರಿ, ಚೊಂಬು ಹಿಡಿದು ತೋಟಕ್ಕೆ ಓಡಿದೆ. ತೋಟದಲ್ಲಿ ಯಾರೂ ಇರಲಿಲ್ಲ. ಮೇಲಿನಿಂದ ಡ್ರೈವರು "ಇಲ್ಲಿದೀನಿ ಅಮ್ಮ" ಎಂದು ಕೂಗಿದ. ಧರೆ ಹತ್ತಿ ಹೋಗಿ ನೀರು ಕೊಟ್ಟೆ, ಇಬ್ಬರೂ ಬಗ್ಗಿದ ಬೇಲಿಯ ಪಕ್ಕ ಕೂತೆವು. ಅವನು ಮನೆಗೆ ಫೋನು ಮಾಡಿ ಮಗಳ ಹತ್ತಿರ ಮಾತಾಡಿದ.

ಬಗ್ಗಿದ ಆ ತುಂಡು ಬದಲಾಗಲು ಐದು ತಿಂಗಳು ಹಿಡಿಯಿತು. ಅದಕ್ಕೂ ಮೂರು ಅರ್ಜಿ ಬೇಕಾಯಿತು.

ನಮ್ಮಿಂದ ನಾಲ್ಕು ಕಿಲೋಮೀಟರ್ ಕೆಳಗೆ ಹಳ್ಳದ ಸೇತುವೆಗೆ ಮೊದಲು ಇನ್ನೊಂದು ತಿರುವಿದೆ. ಅಲ್ಲಿನ ಚಹಾದಂಗಡಿಯ ಹೆಂಗಸು ಕಳೆದ ತಿಂಗಳು ಡೈರಿಯ ಹತ್ತಿರ ಸಿಕ್ಕಿದ್ದಳು. "ನಮ್ಮಲ್ಲೂ ವಾರಕ್ಕೊಂದು ಬೀಳ್ತದೆ ಅಕ್ಕ, ಏನು ಬರೆದುಕೊಳ್ಳಬೇಕು ಹೇಳಿ" ಅಂದಳು. ದಿನ, ಗಂಟೆ, ಯಾವ ಗಾಡಿ, ಯಾವ ಕಡೆಯಿಂದ ಬಂದದ್ದು, ಮಳೆ ಇತ್ತೋ ಇಲ್ಲವೋ, ಪೆಟ್ಟೆಷ್ಟು, ಕೇಸಾಯಿತೋ ಇಲ್ಲವೋ ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಚೀಟಿಯನ್ನು ಗಲ್ಲಾಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿಕೊಂಡಿದ್ದಾಳೆ. ನಿನ್ನೆ ಹೋದಾಗ ನೋಡಿದೆ, ಮೂರು ಸಾಲು ತುಂಬಿದೆ.